ಅಳಿಸಬೇಡ, ತೋರಿಸು

"ನನ್ನ ಹೆಸರು ಯಾಕೆ ತೆಗೆದ್ರಿ?"

ಅವಳು ಅವನ ಮೇಜಿನ ಮುಂದೆ ನಿಂತಿದ್ದಳು. ಕಿವಿಯ ಹೆಡ್‌ಫೋನ್ ತೆಗೆಯಲೂ ಅವನಿಗೆ ಪುರುಸೊತ್ತು ಕೊಡಲಿಲ್ಲ.

"ಯಾವ ಹೆಸರು?"

"ಪರಿಶೀಲಕರ ಜಾಗದಲ್ಲಿ! ಇಷ್ಟು ದಿನ ನಿಮ್ಮ ಕೋಡ್ ಓದಿ ಒಪ್ತಿದ್ದವಳು ನಾನು. ಇವತ್ತು ಆ ಗುಂಗುರು ಕೂದಲಿನವಳ ಹೆಸರಿದೆ!"

ಅವನ ಮುಖ ಕೆಂಪೇರಿತು. "ಅದು... ಹಾಗೇ ಇರಲಿ ಬಿಡಿ."

ಹಾಗೇ ಇರಲಿ! ಆ ಮಾತು ಅವಳ ಎದೆಯಲ್ಲಿ ಕೆಂಡವಾಯಿತು. ಮೊನ್ನೆ ಸೇರಿದ ಹುಡುಗಿ, ಮಾತಿಗೊಮ್ಮೆ ನಗುತ್ತಾಳೆ, ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂರುತ್ತಾಳೆ. ನಾನು ಹಳಬಳಾದೆನೇ?

ಅವರ ತಂಡ ರೂಪಿಸುತ್ತಿದ್ದುದು ಕೋಡಿನ ಪ್ರತಿಯೊಂದು ಬದಲಾವಣೆಯನ್ನೂ ನೆನಪಿಟ್ಟುಕೊಳ್ಳುವ ತಂತ್ರಾಂಶವನ್ನು. ಅವನ ತಿದ್ದುಪಡಿ ಚಿಕ್ಕದು: ಬೇಡದ ಕಡತಗಳನ್ನು ಅಳಿಸುವ ಆಜ್ಞೆಗೆ 'ಅಳಿಸಬೇಡ, ತೋರಿಸು' ಎಂಬ ಹೊಸ ಆಯ್ಕೆ. ಅದನ್ನು ಕೊಟ್ಟರೆ ಏನೂ ಅಳಿಯದೆ, ಅಳಿಯಲಿರುವ ಕಡತಗಳ ಪಟ್ಟಿಯಷ್ಟೇ ಕಾಣಬೇಕು. ಗುಂಗುರು ಕೂದಲಿನವಳು ಅದನ್ನು ಒಪ್ಪಿಯೂ ಆಗಿತ್ತು.

ಯಾರೂ ಕೇಳದಿದ್ದರೂ ಅವಳು ಅದನ್ನು ತೆರೆದು ಓದಿದಳು. ತಪ್ಪು ಸಿಕ್ಕಿತು! ಹೊಸ ಆಯ್ಕೆಯ ಜೊತೆಗೆ ಏನನ್ನೂ ಕೇಳದೆ ಅಳಿಸುವ 'ಬಲವಂತ' ಎಂಬ ಹಳೆಯ ಆಯ್ಕೆಯನ್ನೂ ಕೊಟ್ಟರೆ, ತೋರಿಸುವುದಿರಲಿ, ಕಡತಗಳೆಲ್ಲ ಅಳಿಸಿಯೇ ಹೋಗುತ್ತಿದ್ದವು.

ತಪ್ಪನ್ನು ತಿಳಿಸುವುದು ಅವಳ ಕರ್ತವ್ಯವೇ. ಆದರೆ ಆ ತಿದ್ದುಪಡಿಯ ಕೆಳಗೆ, ದೋಷದ ವಿವರದ ಜೊತೆಗೆ, ಎಲ್ಲರಿಗೂ ಕಾಣುವಂತೆ ಅವಳು ಬರೆದದ್ದೇನು? 'ಇದನ್ನು ಒಪ್ಪಿದವರಿಗೆ ಓದಲು ಬರುತ್ತದೆಯೇ?'

ಪರಿಶೀಲಕರನ್ನು ನಂಬಿ ಜನ ತಮ್ಮ ದುಡಿಮೆಯನ್ನು ಮುಂದಿಡುತ್ತಾರೆ. ಅಲ್ಲಿ ಹೊಟ್ಟೆಕಿಚ್ಚು ತೀರಿಸಿಕೊಳ್ಳುವುದು ಅನ್ಯಾಯ, ಶುದ್ಧ ಅನ್ಯಾಯ!

ಗುಂಗುರು ಕೂದಲಿನವಳು ಎದ್ದು ಬಂದಳು. ಕಣ್ಣು ತುಂಬಿತ್ತು.

"ಅಕ್ಕಾ, ಆ ತಪ್ಪು ನನ್ನ ಕಣ್ಣಿಗೆ ಬೀಳಲಿಲ್ಲ, ನಿಜ. ಆದ್ರೆ ಓದೋಕೆ ಬರುತ್ತೆ... ನಿಮ್ಮ ಮುಖಾನೂ, ಅವರ ಮುಖಾನೂ! ಹೋಗಿ, ಅವರನ್ನೇ ಕೇಳಿ."

ಅವಳು ನಾಚಿಕೆಯಿಂದ ಹಿಡಿಯಷ್ಟಾದಳು. "ತಪ್ಪಾಯ್ತಮ್ಮಾ..." ಎಂದು ಆ ಸಾಲನ್ನು ಅಳಿಸಿ, ದೋಷದ ವಿವರವನ್ನಷ್ಟೇ ಉಳಿಸಿದಳು.

ತಿರುಗಿದರೆ ಅವನು ಬೆನ್ನಹಿಂದೆಯೇ ನಿಂತಿದ್ದ.

"ನೀವು ಬೇಡ ಅಂತ ಹೆಸರು ತೆಗೀಲಿಲ್ಲ. ನಿಮ್ಮನ್ನ ಪ್ರೀತಿಸ್ತೀನಿ... ಅದನ್ನ ಹೇಳಬೇಕು ಅಂತಿದ್ದೆ. ಹೇಳಿದ ಮೇಲೂ ನನ್ನ ಕೆಲಸ ನಿಮ್ಮ ಕೈಯಲ್ಲೇ ಪಾಸಾದ್ರೆ ಅದು ನ್ಯಾಯ ಅಲ್ಲ, ಅಲ್ವಾ?"

ಅವಳು ಪರದೆಯತ್ತ ಬೆರಳು ತೋರಿದಳು.

"ಮೊದಲು ಆ ತಪ್ಪು ತಿದ್ದಿ," ಎಂದಳು ಕಷ್ಟಪಟ್ಟು.

ಅವನು ಅಲ್ಲೇ ಕುಳಿತು ತಿದ್ದಿದ. "ಈಗ ಸರಿಯಾಯ್ತಾ? ಇದೊಂದು ಸಲ ನೀವೇ ಒಪ್ಪಿಬಿಡಿ."

"ಆಗಲ್ಲ. ಅವಳೇ ನೋಡ್ಲಿ."

"ಇನ್ನೂ ಕೋಪಾನಾ?"

"ಅಲ್ಲಾರೀ..." ಅವಳು ತಲೆ ತಗ್ಗಿಸಿ ನಕ್ಕಳು. "ನಿಮಗಿರೋ ಕಾರಣ ನನಗೂ ಇದೆ."