ಗಿನ್ನೆಲ್

"ಓದುವಾಗ ‘ಓಣಿ’ ಅಂತಲೇ ಓದು ಹೆಟಿ, ಮರೀಬೇಡ" ಎಂದು ಪೆಂಬರ್ಟನ್ ಮೇಷ್ಟ್ರು ಮೂರನೇ ಸಲ ಹೇಳಿದರು.

ಹೆಟಿ ಕೈಯಲ್ಲಿದ್ದ ಹಾಳೆ ನೋಡಿದಳು. ಅವಳ ಕತೆ ಕ್ಲಾಸಿಗೇ ಮೊದಲು ಬಂದಿತ್ತು. ಈಗ ಅದನ್ನು ಇಡೀ ಸ್ಕೂಲಿನ ಎದುರು ಓದಬೇಕು. ಅದೂ ಮಕ್ಕಳ ಪುಸ್ತಕಗಳಿಗೆ ಮೂರು ಪದಕ ಗೆದ್ದ ಲೇಖಕಿ ವಿನಿಫ್ರೆಡ್ ಹೋಲ್‌ರಾಯ್ಡ್ ಅವರ ಎದುರು. ಆದರೆ ಅವಳು ‘ಗಿನ್ನೆಲ್’ ಎಂದು ಬರೆದಲ್ಲೆಲ್ಲ ಮೇಷ್ಟ್ರು ಹಸಿರು ಪೆನ್ನಿನಲ್ಲಿ ಗೀಟು ಹಾಕಿ ‘ಓಣಿ’ ಎಂದು ತಿದ್ದಿದ್ದರು.

ಸಾಲುಮನೆಗಳ ಹಿಂದಿನ ಕಿರಿದಾದ ಸಂದಿಗೆ ಯಾರ್ಕ್‌ಷೈರಿನ ಆ ಊರಲ್ಲಿ ಎಲ್ಲರೂ ಗಿನ್ನೆಲ್ ಎಂದೇ ಅನ್ನುವುದು. ಮೇಷ್ಟ್ರು ಸೆಪ್ಟೆಂಬರಿನಲ್ಲಷ್ಟೇ ಲಂಡನ್ನಿನಿಂದ ಬಂದವರು. ಒಳ್ಳೆಯವರೇ. ಆದರೆ ಊರಿನ ಮಾತು ಕಿವಿಗೆ ಬಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕವರಂತೆ ಮುಖ ಮಾಡುತ್ತಿದ್ದರು. ಹೊರಗಿನವರಿಗೆ ಅರ್ಥವಾಗುವುದಿಲ್ಲ ಎಂಬುದು ಅವರ ವಾದ.

ಹೋಲ್‌ರಾಯ್ಡ್ ಕೆಸರು ಮೆತ್ತಿದ ಬೂಟಿನಲ್ಲೇ ಸ್ಕೂಲಿನ ಹಾಲ್‌ಗೆ ಬಂದರು. ಟೀ ಕುಡಿಯುತ್ತ ತಮ್ಮ ಬದುಕನ್ನು ಪಕ್ಕದ ಮನೆಯವರ ಸುದ್ದಿಯಂತೆ ಹೇಳಿದರು. ಹದಿನೈದಕ್ಕೆ ಸ್ಕೂಲು ಬಿಟ್ಟು ಉಣ್ಣೆ ಮಿಲ್ಲು ಸೇರಿದ್ದು, ಊಟದ ಬಿಡುವಿನಲ್ಲಿ ನೂಲಿನ ಕಟ್ಟುಗಳಿಗೆ ಹಾಕುವ ಚೀಟಿಗಳ ಹಿಂಬದಿಯಲ್ಲಿ ಕತೆ ಬರೆದದ್ದು, ಏಳು ಪ್ರಕಾಶಕರು ಬೇಡವೆಂದದ್ದು, ಎಂಟನೆಯವರು ಹೂಂ ಅಂದದ್ದು.

ಆಮೇಲೆ ಪ್ರಶ್ನೆಗಳು. ನಿಮ್ಮ ಮನೇಲಿ ನಾಯಿ ಇದೆಯಾ ಎಂದು ಮೂವರು ಕೇಳಿದರು. ಹೆಟಿ ಕೈ ಎತ್ತಿದಳು.

"ನಿಮ್ಮ ಪದಗಳನ್ನ ಯಾರಾದ್ರೂ ತಿದ್ದಿದ್ರಾ?"

ಹೋಲ್‌ರಾಯ್ಡ್ ಟೀ ಕೆಳಗಿಟ್ಟರು.

"ತಿದ್ದಿದ್ರು ಮರೀ. ಮೊದಲನೇ ಪುಸ್ತಕದಲ್ಲಿ ನಮ್ಮೂರಿನ ಒಂದು ಪದಾನೂ ಉಳೀಲಿಲ್ಲ. ನಾನೂ ಆಗ್ಲಿ ಅಂದ್ಬಿಟ್ಟೆ. ಪದಕಾನೂ ಬಂತು. ನಮ್ಮಮ್ಮ ಅದನ್ನ ಓದಿ, ‘ಚೆನ್ನಾಗಿದೆ ಕಣೇ, ಇದು ಯಾವೂರು?’ ಅಂದ್ಲು. ಹುಟ್ಟಿದ ಊರಿನ ಮೇಲೇ ಬರೆದಿದ್ದೆ ನಾನು. ಆವತ್ತಿಂದ ಯಾರಿಗೂ ತಿದ್ದೋಕೆ ಬಿಟ್ಟಿಲ್ಲ."

ಮೇಷ್ಟ್ರ ಕಿವಿ ಕೆಂಪಾಯಿತು. ಹೆಟಿಯ ಹೆಸರು ಕರೆದರು.

ಅವಳು ಹಾಳೆ ಹಿಡಿದು ಎಲ್ಲರ ಮುಂದೆ ಬಂದು ನಿಂತಳು. ಮೊದಲ ಎರಡು ಸಾಲು ಸರಾಗವಾಗಿ ಹೋಯಿತು. ಮೂರನೆಯದರಲ್ಲಿ ಹಸಿರು ಗೀಟು ಕಂಡಿತು. ಹೆಟಿ ಉಸಿರೆಳೆದುಕೊಂಡು ಗಟ್ಟಿಯಾಗಿ ಓದಿದಳು.

"ಒದ್ದೆ ಬೆಕ್ಕು ಗಿನ್ನೆಲ್ ಒಳಕ್ಕೆ ನುಗ್ಗಿತು."

"ಯಾವುದು, ಚಿಪ್ಸ್ ಅಂಗಡಿ ಹಿಂದಿಂದಾ?" ಮುಂದೆ ಕೂತಿದ್ದ ಪುಟಾಣಿಯೊಬ್ಬ ಕೇಳಿಯೇಬಿಟ್ಟ. ಹೂಂ ಅದೇ ಅಂದಳು ಹೆಟಿ. ಹಾಲ್ ಪೂರ್ತಿ ನಕ್ಕಿತು. ಅಲ್ಲಿನ ಕಸದ ಡಬ್ಬಿಗಳ ವಾಸನೆ ನೆನೆದು ಯಾರೋ ಮೂಗು ಮುಚ್ಚಿಕೊಂಡರು.

ಎಲ್ಲರೂ ಆಗಲೇ ಬೆಕ್ಕಿನ ಹಿಂದೆ ಗಿನ್ನೆಲ್‌ನೊಳಗೆ ಬಂದುಬಿಟ್ಟಿದ್ದಾರೆ ಎಂದು ಹೆಟಿಗೆ ಗೊತ್ತಾಯಿತು. ಪೆಂಬರ್ಟನ್ ಮೇಷ್ಟ್ರು ಮಾತ್ರ ಬಾಗಿಲ ಬಳಿ ಕತ್ತು ಮುಂದೆ ಚಾಚಿ ನಿಂತಿದ್ದರು. ಪಾಪ, ಅವರು ಆ ದಾರಿಯಲ್ಲಿ ಒಂದು ಸಲವೂ ನಡೆದವರಲ್ಲ.

ಅವರಿಗೋಸ್ಕರ ಹೆಟಿ ಮುಂದಿನ ಸಾಲನ್ನು ಸ್ವಲ್ಪ ನಿಧಾನವಾಗಿ ಓದಿದಳು.