ಇಟ್ಟಿಗೆ ತುಂಬಿದ ಮೂರು ಯಂತ್ರಗಳು

1944ನೇ ಇಸವಿ ಫೆಬ್ರವರಿ 14, ಸೋಮವಾರ. ಬೆಳಿಗ್ಗೆ ಹತ್ತೂಕಾಲು ಗಂಟೆಗೆ ದೊಡ್ಡಬಳ್ಳಾಪುರ ಪೊಲೀಸ್ ಠಾಣೆಯ ಮುಂದೆ ಒಂದು ಜಟಕಾ ನಿಂತಿತು. ಅದರಿಂದ ಇಳಿದವರು ವಿದ್ಯುತ್ ಇಲಾಖೆಯ ನಿವೃತ್ತ ಓವರ್ಸಿಯರ್ ಕೋದಂಡರಾಮಯ್ಯ. ವಯಸ್ಸು ಅರವತ್ತಮೂರು. ಅವರ ಹಿಂದೆ ಜಟಕಾದವನು ಕಂಬಳಿಯಲ್ಲಿ ಸುತ್ತಿದ ಏನನ್ನೋ ಮಗುವಿನಂತೆ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟ. ಕಂಬಳಿ ಬಿಚ್ಚಿದಾಗ ಕಂಡದ್ದು ಗುಂಡಗಿನ ಅಲ್ಯುಮಿನಿಯಂ ಹೊಟ್ಟೆ, ಅದಕ್ಕೊಂದು ಉದ್ದನೆಯ ಮರದ ಹಿಡಿ, ಹಿಡಿಗೆ ಜೋತುಬಿದ್ದ ಕಪ್ಪು ಬಟ್ಟೆಯ ಚೀಲ.

"ಇದೇನ್ ಸ್ವಾಮಿ, ಊದೋ ವಾದ್ಯವಾ?" ಎಂದ ದಫೇದಾರ ಬೈಲಪ್ಪ.

"ವ್ಯಾಕ್ಯೂಂ ಕ್ಲೀನರ್. ಧೂಳು ಹೀರೋ ಯಂತ್ರ."

"ಕಳುವಾಗಿತ್ತು, ಸಿಕ್ತು ಅನ್ನಿ."

"ಇದು ಕಳುವಾಗಿಲ್ಲ. ಕಳುವಾಗಿರೋದು ಇದರ ಹೊಟ್ಟೇಲಿದ್ದದ್ದು."

ಬೈಲಪ್ಪ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟು ಇನ್ಸ್‌ಪೆಕ್ಟರ್ ವೆಂಕಟರಾಯಪ್ಪನವರ ಕಡೆ ನೋಡಿದ. ವೆಂಕಟರಾಯಪ್ಪ ಆವತಿಯ ಒಕ್ಕಲು ಮನೆತನದವರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಎತ್ತು, ಒಡವೆ, ರೇಷ್ಮೆ ಗೂಡು, ಒಮ್ಮೆ ಒಂದು ಬಾವಿಯ ರಾಟೆ ಕಳುವಾದದ್ದನ್ನು ತನಿಖೆ ಮಾಡಿದ್ದರು. ಇಂಥದ್ದನ್ನು ನೋಡಿರಲಿಲ್ಲ. ಅವರು ಕುರ್ಚಿಯಿಂದೆದ್ದು ಬಂದು ಯಂತ್ರವನ್ನು ಮಗುಚಿ, ತಳದ ಬಾಯಿಗೆ ಟಾರ್ಚ್ ಹಿಡಿದರು. ಒಳಗೆ ನೂಲಿನ ಕಸದಲ್ಲಿ ಸುತ್ತಿದ ಒಂದು ಇಟ್ಟಿಗೆ ಕೂತಿತ್ತು.

ಕೋದಂಡರಾಮಯ್ಯ ವಿಷಯವನ್ನು ಕ್ರಮವಾಗಿ ಹೇಳಿದರು. ಹದಿನೈದು ವರ್ಷಗಳಿಂದ ಅವರು ಇಂಥ ಹಳೆಯ ಯಂತ್ರಗಳನ್ನು ಸಂಗ್ರಹಿಸುತ್ತಿದ್ದಾರೆ. ದಂಡಿನ ಬಂಗಲೆಗಳ ಹರಾಜಿನಲ್ಲಿ, ಚಿನ್ನದ ಗಣಿಯ ಸಾಹೇಬರ ಮನೆಗಳಲ್ಲಿ ಸಿಕ್ಕಿದವು. ಒಟ್ಟು ಹದಿನಾಲ್ಕು. ಐದು ಕರೆಂಟು ಇಲ್ಲದ ಕಾಲದವು, ಕೈಯಿಂದ ಇಲ್ಲವೆ ಕಾಲಿನಿಂದ ತಿದಿ ಒತ್ತುವಂಥವು. ಒಂಬತ್ತು ಮೋಟಾರಿನವು. ಪ್ರತಿಯೊಂದರ ದೇಶ, ವರ್ಷ, ನಂಬರು, ತೂಕ ಎಲ್ಲವೂ ರಿಜಿಸ್ಟರಿನಲ್ಲಿದೆ. ಬೆಂಗಳೂರಿನ ಒಂದು ಕಾಲೇಜು ಇಡೀ ಸಂಗ್ರಹವನ್ನು ತನ್ನ ವಿಜ್ಞಾನ ಶಾಲೆಗೆ ಕೇಳಿದೆ. ಬರುವ ಸೋಮವಾರ ಒಪ್ಪಿಸಬೇಕು. ಅದಕ್ಕಾಗಿ ನಿನ್ನೆ ಸಂಜೆ ಮತ್ತೊಮ್ಮೆ ತೂಕ ಮಾಡಿದಾಗ ಮೂರರಲ್ಲಿ ವ್ಯತ್ಯಾಸ ಬಂತು. ಇದು ರಿಜಿಸ್ಟರಿನಲ್ಲಿ ಹದಿನೇಳು ಪೌಂಡು ಆರು ಔನ್ಸು. ಈಗ ಹದಿನಾರು ಪೌಂಡು ಹತ್ತು ಔನ್ಸು.

"ಯಾರ ಮೇಲೆ ಅನುಮಾನ?"

"ಅನುಮಾನ ಏನು, ಗೊತ್ತೇ ಇದೆ. ಮುನಿತಾಯಮ್ಮ. ಕಸ ಗುಡಿಸೋಳು. ಆ ಕೋಣೆಗೆ ದಿನಾ ಹೋಗೋಳು ಅವಳೊಬ್ಬಳೇ."

"ಇದನ್ನ ಬಿಚ್ಚೋಕೆ ಬರೋರು ಊರಲ್ಲಿ ಯಾರಿದಾರೆ?"

"ಈ ತಾಲ್ಲೂಕಲ್ಲಿ ನಾನೊಬ್ಬನೇ."

"ಹಂಗಾದ್ರೆ ಅವಳು ಹೆಂಗ್ ಬಿಚ್ಚಿದ್ಲು?"

ಕೋದಂಡರಾಮಯ್ಯ ಕಂಬಳಿಯನ್ನು ಮಡಿಸತೊಡಗಿದರು. "ಯಾರನ್ನೋ ಕರ್ಕೊಂಡ್ ಬಂದಿರ್ತಾಳೆ. ನೀವು ಅವಳನ್ನ ಒಳಗೆ ಕೂರಿಸಿ, ತಾನಾಗೇ ಹೇಳ್ತಾಳೆ."

ಹತ್ತೂ ಐವತ್ತಕ್ಕೆ ಮನೆಗಳ್ಳತನದ ಕಲಂ 380ರ ಪ್ರಕಾರ ಎಫ್‌ಐಆರ್ ದಾಖಲಾಯಿತು. ಕಳುವಾದ ವಸ್ತು ಎಂಬಲ್ಲಿ ಬೈಲಪ್ಪ "ಧೂಳು ಹೀರುವ ಯಂತ್ರದ ಮೋಟಾರು, ಮೂರು" ಎಂದು ಬರೆದ. ಆರೋಪಿಯ ಜಾಗದಲ್ಲಿ ಮುನಿತಾಯಮ್ಮನ ಹೆಸರು ಬಿತ್ತು.

ಅವಳನ್ನು ಹನ್ನೊಂದೂವರೆಗೆ ಕರೆತಂದರು. ಐವತ್ತರ ಆಸುಪಾಸಿನ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಿದ್ದಳು.

"ಹೆಸರು?"

"ಮುನಿತಾಯಮ್ಮ. ದಫೇದಾರ್ರಿಗೆ ಗೊತ್ತಲ್ಲ ಸ್ವಾಮಿ, ಅವರ ಮನೆ ಅಂಗಳಾನೂ ನಾನೇ ಗುಡಿಸೋದು."

ಬೈಲಪ್ಪ ಗೋಡೆಯ ಮೇಲಿನ ಕ್ಯಾಲೆಂಡರು ನೋಡತೊಡಗಿದ.

"ಓವರ್ಸಿಯರ್ ಮನೇಲಿ ಆ ಯಂತ್ರದ ಕೋಣೆಯಲ್ಲಿ ನಿನಗೇನ್ ಕೆಲಸ?"

"ಕಸ ಗುಡಿಸ್ತೀನಿ."

"ಯಾತರಲ್ಲಿ?"

"ಪೊರಕೇಲಿ. ಇನ್ಯಾತರಲ್ಲಿ ಗುಡಿಸ್ತಾರೆ?"

"ಅಲ್ಲಿ ಹದಿನಾಲ್ಕು ಯಂತ್ರ ಇದಾವಲ್ಲ."

"ಅವಕ್ಕೂ ನಾನೇ ಬಟ್ಟೇಲಿ ಒರೆಸ್ಬೇಕು. ಧೂಳ್ ತಿನ್ನೋ ಮಿಷಿನ್ನು ಅಂತಾರೆ. ಒಂದ್ ದಿನಾನೂ ಒಂದ್ ಹಿಡಿ ತಿಂದಿದ್ ನಾನ್ ಕಾಣೆ. ಗೋಡೆಗೆ ಒರಗಿಸಿರೋ ದೇವ್ರಂಗೆ ನಿಂತವೆ."

ವೆಂಕಟರಾಯಪ್ಪನವರಿಗೆ ನಗು ಬಂದರೂ ತೋರಿಸಿಕೊಳ್ಳಲಿಲ್ಲ. "ಅಲ್ಲಿಗೆ ಬೇರೆ ಯಾರ್ ಬರ್ತಾರೆ?"

"ನಾನ್ ಇರೋ ಹೊತ್ತಲ್ಲಿ ಯಾರೂ ಇಲ್ಲ. ಭಾನುವಾರ ನಾನ್ ಹೋಗಲ್ಲ. ಸೋಮವಾರ ಬಂದ್ರೆ ನೆಲದ ಮೇಲೆ ಎಣ್ಣೆ ಬೊಟ್ಟು, ಕರಿ ಪುಡಿ. ಯಾರ್ ಚೆಲ್ಲಿದ್ದು ಅಂತ ಕೇಳಿದ್ರೆ ಅಯ್ನೋರು ನಾನೇ ಕಣೆ ಅಂತಾರೆ." ಅವಳು ತಡೆದು, ದನಿ ತಗ್ಗಿಸಿದಳು. "ಸ್ವಾಮಿ, ನನ್ನ ಇಲ್ಲಿ ಒಂದ್ ರಾತ್ರಿ ಕೂರ್ಸಿದ್ರೆ ಸಾಕು. ಏಳ್ ಮನೆ ಗುಡಿಸ್ತೀನಿ. ನಾಳೆ ಒಬ್ರೂ ಬಾಗ್ಲು ತೆಗೆಯಲ್ಲ. ಕದ್ದಿದ್ ಮೋಟಾರ್ ಆಮೇಲ್ ಸಿಕ್ರೂ ತೆಗೆಯಲ್ಲ."

ಅದು ನಿಜವೆಂದು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಸಂಜೆಯೊಳಗೆ ಏನಾದರೂ ಕಾಣದಿದ್ದರೆ, ಫಿರ್ಯಾದಿನಲ್ಲಿ ಹೆಸರಿರುವವಳನ್ನು ದಸ್ತಗಿರಿ ಮಾಡದೆ ಬೇರೆ ದಾರಿ ಇರಲಿಲ್ಲ. ಅವಳನ್ನು ಠಾಣೆಯ ಹಿಂದಿನ ಜಗಲಿಯ ಮೇಲೆ ಕೂರಿಸಿ, ಹಾದಿಯವರಿಗೆ ಕಾಣದಂತೆ ಬಾಗಿಲು ಮುಂದೆ ಮಾಡಿಸಿದರು.

ಒಂದೂವರೆಗೆ ಸ್ಥಳ ಪಂಚನಾಮೆ. ಪಂಚರಾಗಿ ಒಬ್ಬ ಜವಳಿ ವ್ಯಾಪಾರಿ, ಒಬ್ಬ ಶಾಲಾ ಮೇಷ್ಟ್ರು. ಕೋಣೆಯಲ್ಲಿ ಯಂತ್ರಗಳು ವಯಸ್ಸಿನ ಪ್ರಕಾರ ನಿಂತಿದ್ದವು. ಇಂಗ್ಲೆಂಡಿನದೊಂದು ಮರದ ಪೆಟ್ಟಿಗೆಯಂತಿತ್ತು, ಅದನ್ನು ನಡೆಸಲು ಇಬ್ಬರು ಬೇಕು. ಇನ್ನೊಂದು ಸೈಕಲ್ ಪಂಪಿನಂತೆ ತಗಡಿನ ಕೊಳವೆ. ಸ್ವೀಡನ್ನಿನದು ಜಾರುಪಟ್ಟಿಯ ಮೇಲೆ ಮಲಗಿದ ಉದ್ದನೆಯ ಸಿಲಿಂಡರು. ಕೋದಂಡರಾಮಯ್ಯನವರಿಗೆ ದೂರು ಮರೆತೇಹೋಯಿತು. ಚೀಲದ ಹೊಲಿಗೆ ನೋಡಿ ವರ್ಷ ಹೇಳುವುದು ಹೇಗೆ, ಗಾಲಿ ಮರದ್ದೋ ರಬ್ಬರಿನದ್ದೋ ಎಂಬುದರಿಂದ ಏನು ತಿಳಿಯುತ್ತದೆ, ನಂಬರು ಉಜ್ಜಿಹೋಗಿದ್ದರೆ ಸ್ಕ್ರೂ ತಲೆ ನೋಡಿ ದೇಶ ಗುರುತಿಸುವುದು ಹೇಗೆ ಎಂದೆಲ್ಲ ವಿವರಿಸಿದರು. ವೆಂಕಟರಾಯಪ್ಪ ಗಮನವಿಟ್ಟು ಕೇಳಿದರು. ಹಲ್ಲು ನೋಡಿ ಎತ್ತಿನ ಪ್ರಾಯ ಹೇಳುವ ತಮ್ಮ ಚಿಕ್ಕಪ್ಪನ ನೆನಪಾಯಿತು.

ಅವರ ಕಣ್ಣು ಹಿತ್ತಾಳೆಯ ಪಟ್ಟಿಗಳ ಮೇಲೆ ನಿಂತಿತು. "ಇದರ ಮೇಲೆ ನೂರಾ ಹತ್ತು ಅಂತಿದೆ. ಮೋಟಾರು ಹೋಗಿರೋ ಆ ಮೂರರ ಮೇಲೆ ಇನ್ನೂರ ಮೂವತ್ತು."

"ವೋಲ್ಟು. ಅಮೆರಿಕದವು ನೂರಾ ಹತ್ತರವು. ನಮ್ಮ ಕರೆಂಟಿಗೆ ಹಾಕಿದ್ರೆ ಸುಟ್ಟುಹೋಗ್ತವೆ."

"ನಮ್ಮೂರಿನ ಕರೆಂಟು?"

"ಇನ್ನೂರ ಮೂವತ್ತು."

"ಒಂಬತ್ತರಲ್ಲಿ ಇನ್ನೂರ ಮೂವತ್ತರವು ಎಷ್ಟು?"

"ಮೂರೇ."

ವೆಂಕಟರಾಯಪ್ಪ ಟಿಪ್ಪಣಿ ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡರು. ಮೋಟಾರಿನ ತಾಮ್ರದ ತಂತಿ ಮಾರುವ ಕಳ್ಳನಾಗಿದ್ದರೆ ತೂಕ ಹೆಚ್ಚಿರುವ ಅಮೆರಿಕದ ಮೋಟಾರುಗಳನ್ನು ಬಿಡುತ್ತಿರಲಿಲ್ಲ. ಇವನು ಪಟ್ಟಿ ಓದಿದ್ದಾನೆ. ಅವನಿಗೆ ಇಲ್ಲಿನ ಕರೆಂಟಿಗೆ ಓಡುವ ಮೋಟಾರು ಬೇಕಿತ್ತು.

"ನೂಲಿನ ಕಸದಿಂದ ಏನಾದ್ರೂ ಗೊತ್ತಾಗುತ್ತಾ?" ಎಂದು ಬೈಲಪ್ಪನನ್ನು ಕೇಳಿದರು.

"ಈ ಊರಲ್ಲಿ ಅದು ಯಾರ ಮನೇಲಿಲ್ಲ ಸ್ವಾಮಿ? ನನ್ನ ದಿಂಬಲ್ಲೂ ಅದೇ ಇರೋದು."

ಇನ್ನು ಇಟ್ಟಿಗೆಗಳನ್ನು ಪಂಚರ ಮುಂದೆ ಹೊರತೆಗೆಯಬೇಕು. ಇನ್ಸ್‌ಪೆಕ್ಟರು ಮೂರರಲ್ಲಿ ಒಂದು ಯಂತ್ರವನ್ನು ಕೋದಂಡರಾಮಯ್ಯನವರ ಕಡೆ ಸರಿಸಿದರು. "ನೀವೇ ಬಿಚ್ಚಿಕೊಡಿ."

ಓವರ್ಸಿಯರ್ ಸ್ಕ್ರೂಡ್ರೈವರು ತೆಗೆದುಕೊಂಡರು. ತುದಿ ಸ್ಕ್ರೂವಿನ ಗೀರಿನಲ್ಲಿ ಕೂರಲಿಲ್ಲ. ಜಾರಿ ಅಲ್ಯುಮಿನಿಯಂ ಮೇಲೆ ಕೆರೆಯಿತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಇನ್ನೊಮ್ಮೆ ಪ್ರಯತ್ನಿಸಿದರು. ಎರಡೂ ಕೈ ನಡುಗುತ್ತಿದ್ದವು. ಮೂರನೆಯ ಸಲ ಸ್ಕ್ರೂಡ್ರೈವರು ಕೈಜಾರಿ ನೆಲಕ್ಕೆ ಬಿತ್ತು. ಜವಳಿ ವ್ಯಾಪಾರಿ ಬಗ್ಗಿ ಎತ್ತಿಕೊಡಲು ಹೋದ. ಇನ್ಸ್‌ಪೆಕ್ಟರು ಕಣ್ಸನ್ನೆಯಿಂದ ತಡೆದರು.

ಸ್ಕ್ರೂಗಳ ತಲೆಯ ಮೇಲೆ ಹಳೆಯ ಗೀಚು ಒಂದೂ ಇರಲಿಲ್ಲ. ಅವನ್ನು ತೆಗೆದು ಹಾಕುತ್ತಿದ್ದ ಕೈ ಬೇರೆಯದು.

ಪಂಚರನ್ನು ಜಗಲಿಗೆ ಕಳಿಸಿ ವೆಂಕಟರಾಯಪ್ಪ ಮೆಲ್ಲಗೆ ಕೇಳಿದರು: "ಎಷ್ಟು ವರ್ಷದಿಂದ ಹಿಂಗೆ?"

"ಆರು."

"ಭಾನುವಾರ ಬರೋರು ಯಾರು?"

ಕೋದಂಡರಾಮಯ್ಯ ಬಿದ್ದಿದ್ದ ಸ್ಕ್ರೂಡ್ರೈವರನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. "ಸಂಜೀವಪ್ಪ. ನೇಯ್ಗೆಯವನು, ಮಗ್ಗ ರಿಪೇರಿ ಮಾಡ್ತಾನೆ. ನಾನು ಹೇಳಿದ ಹಾಗೆ ಬಿಚ್ತಾನೆ, ಉಜ್ತಾನೆ, ಕೂಡಿಸ್ತಾನೆ. ಕಾಲೇಜಿನವರಿಗೆ ಎಲ್ಲಾ ನನ್ನ ಕೈಯಿಂದಲೇ ಆಗಿದೆ ಅಂತ ಬರೆದಿದೀನಿ."

"ಅದಕ್ಕೆ ಮುನಿತಾಯಮ್ಮನ ಹೆಸರು ಬರೆಸಿದ್ರಿ."

"ಅವಳೇ ಇರಬಹುದು ಅಂತಲೂ ಅನ್ನಿಸಿತ್ತು" ಎಂದರು ಕೋದಂಡರಾಮಯ್ಯ. ಆ ಮಾತು ಅವರಿಗೇ ಹಿಡಿಸಿದಂತೆ ಕಾಣಲಿಲ್ಲ.

ಮೂರೂ ಹತ್ತಕ್ಕೆ ಇನ್ಸ್‌ಪೆಕ್ಟರು, ಬೈಲಪ್ಪ, ಪಂಚರು ನೇಕಾರರ ಬೀದಿಗೆ ಬಂದರು. ಮಗ್ಗಗಳ ಲಟಪಟ ಸದ್ದಿನ ನಡುವೆ ಆರನೆಯ ಮನೆಯಿಂದ ಬೇರೆಯೇ ಒಂದು ದನಿ ಕೇಳಿಸಿತು. ಸಣ್ಣಗೆ, ಎತ್ತರದಲ್ಲಿ, ಬಿಡದೆ ಕೀರುವ ದನಿ.

"ಇದು ಮಗ್ಗದ ಮೋಟಾರಲ್ಲ" ಎಂದ ಬೈಲಪ್ಪ.

ನಡುಮನೆಯಲ್ಲಿ ಸಂಜೀವಪ್ಪನ ಹೆಂಡತಿ ಅಂಜನಮ್ಮ ಮಣೆಯ ಮೇಲೆ ಕೂತಿದ್ದಳು. ಮುಂದೆ ಒಂದು ಹಲಗೆಗೆ ಬಿಗಿದ ಪುಟ್ಟ ಮೋಟಾರು. ದಾರದ ಪಟ್ಟಿಯೊಂದು ಅದರಿಂದ ದೊಡ್ಡ ಮರದ ಗಾಲಿಗೆ, ಅಲ್ಲಿಂದ ನಾಲ್ಕು ಕದಿರುಗಳಿಗೆ. ಕದಿರುಗಳ ಮೇಲೆ ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತಿಕೊಳ್ಳುತ್ತಿತ್ತು. ಅವಳು ಎಡಗೈಯಿಂದಲೇ ನೂಲು ಹಿಡಿದಿದ್ದಳು. ಬಲಗೈ ಮಡಿಲಲ್ಲಿತ್ತು.

"ಕೈಗೆ ಏನಾಗಿದೆಯಮ್ಮ?"

"ದೀಪಾವಳಿ ಹಬ್ಬಕ್ಕೆ ಅಟ್ಟದಿಂದ ಪಾತ್ರೆ ಇಳಿಸೋಕೆ ಹೋಗಿ ಬಿದ್ದೆ. ಮೂಳೆ ಸೊಟ್ಟಗೆ ಕೂತ್ಕಂತು. ಮೇಲಕ್ಕೆ ಏಳಲ್ಲ, ರಾಟೆ ತಿರುಗಿಸೋಕಾಗಲ್ಲ. ಕರೆಂಟ್ ಮಗ್ಗ ಸ್ವಾಮಿ, ಕಂಡಿಕೆ ನುಂಗ್ತಾ ಇರ್ತದೆ."

ಮಗ್ಗ ನಿಂತಿತು. ಸಂಜೀವಪ್ಪ ಕೈ ಒರೆಸಿಕೊಳ್ಳುತ್ತ ಎದ್ದು ಬಂದ. ಮೂವತ್ತೈದರ ಸಣ್ಣ ಆಳು. ಮೋಟಾರಿನ ಕಡೆಗೊಮ್ಮೆ, ಪೊಲೀಸರ ಟೊಪ್ಪಿಗೆಗಳ ಕಡೆಗೊಮ್ಮೆ ನೋಡಿದ.

"ಓವರ್ಸಿಯರ್ ಮನೆಯ ನಾಲ್ಕನೇ ನಂಬರಿನ ಯಂತ್ರದ್ದು. ಇನ್ನೆರಡು ಒಳಗವೆ" ಎಂದ.

"ಅಂಗಡೀಲಿ ಮೋಟಾರ್ ಸಿಗಲ್ವೇನಯ್ಯಾ?"

"ಯುದ್ಧ ಅಲ್ವಾ ಸ್ವಾಮಿ. ಪರ್ಮಿಟ್ ಬೇಕು. ಎರಡ್ ಅರ್ಜಿ ಹಾಕ್ದೆ, ಜವಾಬೇ ಇಲ್ಲ."

"ಓವರ್ಸಿಯರನ್ನ ಕೇಳಬಹುದಿತ್ತು."

"ಕೇಳಿದ್ದೆ. ಇವು ಓಡ್ಸೋಕಲ್ಲ ಕಣೋ, ನೋಡೋಕೆ ಅಂದ್ರು. ಮಧ್ಯಾಹ್ನ ಊಟ ಆದ್ಮೇಲೆ ಅವರು ಒಂದ್ ಗಳಿಗೆ ಮಲಗ್ತಾರೆ. ಆಗ ತಂದೆ."

ಅಂಜನಮ್ಮ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು: "ಈ ನಾಲ್ಕು ಅರ್ಧ ಆಗವೆ. ಮುಗಿಸ್ಬಿಡ್ಲಾ?"

ಪಂಚನಾಮೆ ಬರೆಯಲು ಹೇಗೂ ಹತ್ತು ನಿಮಿಷ ಬೇಕಿತ್ತು. ವೆಂಕಟರಾಯಪ್ಪ ಮುಗಿಸಮ್ಮ ಎಂದರು. ಬೈಲಪ್ಪ ಬರೆಯುವಷ್ಟು ಹೊತ್ತೂ ಮೋಟಾರು ಕೀರುತ್ತಿತ್ತು. ಕಂಡಿಕೆಗಳು ತುಂಬಿದ ಮೇಲೆ ಅವಳೇ ಸ್ವಿಚ್ಚು ಆರಿಸಿದಳು. ಮೂರೂ ಐವತ್ತಕ್ಕೆ ಮೋಟಾರು ಜಪ್ತಿಯಾಯಿತು. ಒಳಗಿನ ಪೆಟ್ಟಿಗೆಯಿಂದ ಎರಡು ಬಟ್ಟೆಯ ಗಂಟುಗಳನ್ನೂ ವಶಕ್ಕೆ ತೆಗೆದುಕೊಂಡು ಸಂಜೀವಪ್ಪನನ್ನು ದಸ್ತಗಿರಿ ಮಾಡಿದರು.

ಠಾಣೆಯಲ್ಲಿ ಮೊದಲು ಮಾಡಿದ ಕೆಲಸ ಮುನಿತಾಯಮ್ಮನನ್ನು ಬಿಟ್ಟದ್ದು. ಕೋದಂಡರಾಮಯ್ಯನವರಿಂದ ಮರುಹೇಳಿಕೆ ಪಡೆದಾಗಿತ್ತು. ಅವರ ಸಹಿ ಕಾಗದದ ಮೇಲೆ ಅಲೆಅಲೆಯಾಗಿ ಹರಿದಿತ್ತು. ಏಳು ಮನೆಯವರಿಗೂ ವಿಷಯ ತಿಳಿಸಿ ಬರುವಂತೆ ಇನ್ಸ್‌ಪೆಕ್ಟರು ಬೈಲಪ್ಪನನ್ನು ಸಮವಸ್ತ್ರದಲ್ಲಿಯೇ ಅವಳ ಜೊತೆಗೆ ಕಳಿಸಿದರು.

"ನಿಮ್ಮನೇನೂ ಸೇರಿ ಏಳು" ಎಂದಳು ಅವಳು. "ಅಲ್ಲಿಂದ್ಲೇ ಶುರು ಮಾಡಿ ದಫೇದಾರ್ರೇ."

ಐದೂ ನಲವತ್ತಕ್ಕೆ ಸಂಜೀವಪ್ಪನ ಹೇಳಿಕೆ. ಎರಡೂ ಗಂಟು ಮೇಜಿನ ಮೇಲೆ ಬಿಚ್ಚಿದ್ದವು. ಒಂದಾದ ಮೇಲೊಂದು ಓಡಿ ಓಡಿ ಸುಟ್ಟುಹೋದ ಆ ಎರಡು ಮೋಟಾರುಗಳನ್ನು ಉಜ್ಜಿ ಎಣ್ಣೆ ಸವರಿ ಇಟ್ಟಿದ್ದ. ತಂತಿ ಸಿಕ್ಕಿದರೆ ಹೊಸದಾಗಿ ಸುತ್ತಿ ಮತ್ತೆ ಅದರದರ ಜಾಗಕ್ಕೆ ಕೂರಿಸಬೇಕೆಂದಿದ್ದನಂತೆ. ಓವರ್ಸಿಯರ್ ಕಲಿಸಿದ ಪದ್ಧತಿಯಂತೆ ಪ್ರತಿಯೊಂದಕ್ಕೂ ಚೀಟಿ ಕಟ್ಟಿದ್ದ. ಯಂತ್ರದ ನಂಬರು, ತೆಗೆದ ತಾರೀಕು.

ವೆಂಕಟರಾಯಪ್ಪ ಒಂದು ಚೀಟಿಯನ್ನು ದೀಪದ ಹತ್ತಿರ ಹಿಡಿದರು. ನಂಬರು ಏಳು. 22-8-43.

"ನಿನ್ನ ಹೆಂಡತಿ ಬಿದ್ದಿದ್ದು ದೀಪಾವಳಿಗೆ."

"ಹೌದು ಸ್ವಾಮಿ."

"ಇದು ಆಗಸ್ಟು. ಆಗ ಅವಳ ಕೈ ಸರಿಯಾಗಿತ್ತು."

ಸಂಜೀವಪ್ಪ ಮೇಜಿನ ಮೇಲಿದ್ದ ಮೋಟಾರನ್ನು ಬೆರಳಿನಿಂದ ಒಮ್ಮೆ ತಿರುಗಿಸಿದ.

"ಆರು ವರ್ಷ ಅವನ್ನ ಬಿಚ್ಚಿದೀನಿ. ಯಾವ ಸ್ಕ್ರೂ ಎಲ್ಲಿ ಕೂತ್ಕಂತದೆ ಅಂತ ಕಣ್ಮುಚ್ಚಿ ಹೇಳ್ತೀನಿ. ಒಂದೇ ಒಂದ್ ಸಲಾನೂ ಓಡಿದ್ ನೋಡಿರ್ಲಿಲ್ಲ."

"ಮನೆಗೆ ತಂದು ಏನ್ ಮಾಡಿದೆ?"

"ಸೀಮೆಎಣ್ಣೆ ಡಬ್ಬಕ್ಕೆ ಕೂರಿಸ್ದೆ. ಬಾಯಿಗೊಂದು ಕೊಳವೆ, ಹಿಂದೆ ನಮ್ಮವಳ ಹಳೇ ಸೀರೇದು ಚೀಲ. ಸಂಜೆ ಮಗ್ಗ ನಿಲ್ಸಿ, ಬಾಗ್ಲು ಹಾಕಿ ಸ್ವಿಚ್ ಒತ್ತಿದೆ. ಮಗ್ಗದ ಕೆಳಗಿದ್ದ ನೂಲಿನ ಪುಡಿ ಎಲ್ಲಾ ಎದ್ದು ನಡ್ಕೊಂಡ್ ಬಂದಂಗೆ ಬಂದು ಒಳಗೋಯ್ತು. ಎರಡು ನಿಮಿಷಕ್ಕೆ ಮನೇಲಿ ಧೂಳೇ ಇಲ್ಲ. ಇನ್ನೊಂದ್ ಸಲ ಅಂದ್ಲು ಅವಳು."

"ಆಮೇಲೆ?"

"ಬೀದಿಗೋಗಿ ಒಂದ್ ಮೊರ ಧೂಳು ತಂದು ನಡುಮನೇಲಿ ಸುರಿದ್ವಿ."

ವೆಂಕಟರಾಯಪ್ಪ ಪೆನ್ನು ತೆಗೆದುಕೊಂಡರು. ಕೇಸ್ ಡೈರಿಯಲ್ಲಿ ಉದ್ದೇಶ ಎಂಬ ಜಾಗದಲ್ಲಿ, ಹೆಂಡತಿಯ ಕೈಯ ಸಂಗತಿಯನ್ನು ಎರಡನೆಯ ಮತ್ತು ಮೂರನೆಯ ಮೋಟಾರುಗಳ ಎದುರಿಗೆ ಬರೆದರು. ಮೊದಲನೆಯದರ ಎದುರಿಗೆ "ಯಂತ್ರ ಓಡುವುದನ್ನು ನೋಡುವ ಸಲುವಾಗಿ" ಎಂದು ಬರೆದು, ವೇಳೆ ಆರೂ ಐದು ಎಂದು ಗುರುತು ಹಾಕಿ ಸಹಿ ಮಾಡಿದರು.