ಪರದೆ ಕಾರಿನ ಉಡಿಯಕ್ಕಿ

ಸಪ್ನಾ ಗಾಡಿಯ ಚಕ್ರದ ಕಡ್ಡಿಗಳನ್ನು ಒರೆಸುತ್ತಿದ್ದಳು. ಹಳೆಯ ಕಾಲದ ಕಟ್ಟಿಗೆಯ ಕಡ್ಡಿಗಳು. ನೀರು ತಾಕಿಸುವಂತಿಲ್ಲ. ಮೆತ್ತನೆಯ ಬಟ್ಟೆಯನ್ನು ಸಂದಿಯಲ್ಲಿ ತೂರಿಸಿ ಎಳೆಯಬೇಕು. ಆಚೆ ಬದಿಯ ಚಕ್ರದ ಹತ್ತಿರ ಕಸ್ತೂರಿಬಾಯಿ ಕುಕ್ಕರಗಾಲಲ್ಲಿ ಕೂತು ಅದನ್ನೇ ಮಾಡುತ್ತಿದ್ದಳು. ಬಟ್ಟೆ ಸರಿಯುವ ಸದ್ದು, ತಗಡಿನ ಮೇಲೆ ಕಾಗೆ ನಡೆಯುವ ಸದ್ದು, ದೂರದಲ್ಲಿ ವಿಕ್ರೋಳಿ ಸ್ಟೇಶನ್ ಬಿಟ್ಟ ಲೋಕಲ್ ರೈಲಿನ ಸದ್ದು, ಇಷ್ಟೇ.

ಕೆಲಸ ಮುಗಿಸಿ ಸಪ್ನಾ ಎದ್ದಳು. ಸೊಂಟ ಹಿಡಿದುಕೊಂಡು ಒಂದು ಗಳಿಗೆ ನಿಂತು, ಪಕ್ಕದ ಉದ್ದನೆಯ ಕಪ್ಪು ಕಾರಿನ ಹಿಂಬಾಗಿಲಿಗೆ ಕೈ ಹಾಕಿದಳು.

"ಕೈ ತಗೀ."

ಕಸ್ತೂರಿಬಾಯಿ ಕೂಗಿರಲಿಲ್ಲ. ಆದರೂ ಸಪ್ನಾಳ ಕೈ ತಾನಾಗಿ ಹಿಂದೆ ಬಂತು.

"ಆ ಗಾಡಿ ಹಿಂದಿನ ಸೀಟ್ ನಾ ಒರಸ್ತೀನಿ. ನೀ ಮುಟ್ಟಬ್ಯಾಡ. ಹೊಟ್ಟ್ಯಾಗ ಕೂಸೈತಿ ನಿನಗ."

"ಕೂಸಿಗೇನಾಗತೈತಿ ಅಕ್ಕಾ? ಲೈಸೆನ್ಸ್ ಕೇಳತೈತೇನು ಗಾಡಿ?"

ಕಸ್ತೂರಿಬಾಯಿ ನಗಲಿಲ್ಲ.

ಮುಚ್ಚಿಹೋದ ಒಂದು ಕಾರ್ಖಾನೆಯ ಶೆಡ್ಡನ್ನೇ ಮ್ಯೂಸಿಯಂ ಮಾಡಿದ್ದರು. ಬೆಂಕಿ ಆರಿಸುವ ಹಿತ್ತಾಳೆ ಗಂಟೆಯ ಬಂಡಿ, ಹ್ಯಾಂಡಲ್ ತಿರುವಿ ಚಾಲೂ ಮಾಡುವ ಕಾರು, ಪಕ್ಕಕ್ಕೆ ತೊಟ್ಟಿಲಿನಂಥ ಡಬ್ಬಿ ಅಂಟಿಸಿಕೊಂಡ ಮೋಟರ್‌ಸೈಕಲ್. ಎಲ್ಲವೂ ಕಟ್ಟಿಗೆಯ ತುಂಡುಗಳ ಮೇಲೆ ನಿಂತಿದ್ದವು, ಚಕ್ರ ನೆಲಕ್ಕೆ ತಾಕದಂತೆ. ಸಪ್ನಾ ಈ ಕೆಲಸಕ್ಕೆ ಸೇರಿ ಬಹಳ ದಿನ ಆಗಿರಲಿಲ್ಲ. ಕಪ್ಪು ಕಾರಿನ ಹಿಂಭಾಗದ ಗಾಜುಗಳಿಗೆಲ್ಲ ಒಳಗಿನಿಂದ ನೇರಳೆ ಬಣ್ಣದ ದಪ್ಪ ಪರದೆ ಇಳಿಬಿಟ್ಟಿದ್ದನ್ನು ಮೊದಲ ದಿನವೇ ನೋಡಿದ್ದಳು. ರಾಣಿಯರು ಯಾರ ಕಣ್ಣಿಗೂ ಬೀಳದೆ ತಿರುಗಾಡಲೆಂದು ಮಾಡಿಸಿದ್ದಂತೆ.

"ಯಾವುದೋ ಸಂಸ್ಥಾನದ ಗಾಡಿ," ಕಸ್ತೂರಿಬಾಯಿ ಬಟ್ಟೆ ಮಡಚುತ್ತಾ ಹೇಳಿದಳು. "ಕಿರಿ ರಾಣಿ ಬಸುರಾದ್ಲು. ಹಿರಿಯಾಕಿಗೆ ಮಕ್ಕಳಿಲ್ಲ. ಮಾಟಗಾರನ್ನ ಕರಸಿ, ಈ ಸೀಟ್ ಸೀಳಿ ಒಳಗ ಏನೋ ಇಡಿಸಿ ಹೊಲಸಿದ್ಲು. ಬಾಣಂತನಕ್ಕ ತವರಿಗೆ ಹೊಂಟಾಗ ಹಿರಿಯಾಕೀನ ಉಡಿ ತುಂಬಿದ್ಲು. ಹಾದ್ಯಾಗ ಗಾಡಿ ಎಲ್ಲೂ ನಿಂದ್ರಲಿಲ್ಲ. ತವರಾಗ ಪರದೆ ಸರಿಸಿದ್ರ ಆಕಿ ಹಂಗ ಕುಂತಾಳ. ಹೊಟ್ಟಿ ಬರಿದು. ರಕ್ತ ಇಲ್ಲ, ಕೂಸಿಲ್ಲ. ಇಳೀಯವಾ ಅಂದ್ರ ಇಳೀಲಿಲ್ಲ. ಅದರಾಗ ಸತ್ಲು."

"ಇದನ್ನ ಯಾರ ಹೇಳಿದ್ರು ನಿನಗ? ಡ್ರೈವರ್ ಬಂದಿದ್ನ?"

"ನನಕಿಂತ ಮೊದ್ಲು ಇಲ್ಲಿ ಕೆಲಸಕ್ಕಿದ್ದ ಜೇಬುನ್ನೀಸಾ ಹೇಳಿದ್ಲು. ಆಕೀನೂ ಬಸುರಿದ್ಲು."

"ಈಗ ಎಲ್ಲಿದ್ದಾಳ?"

ಕಸ್ತೂರಿಬಾಯಿ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದಳು. "ಒಂದು ಮಾತು ನೆನಪಿಟ್ಕೋ. ಆ ಗಾಡ್ಯಾಗ ಕುಂತಾಕಿ ಏನರ ಕೊಟ್ರ ತಗೋ, ಬ್ಯಾಡ ಅನಬ್ಯಾಡ. ಆದ್ರ ತಿರುಗಿ ಒಂದು ಕಾಳೂ ಕೊಡಬ್ಯಾಡ."

ಸಪ್ನಾಳಿಗೆ ನಗು ಬಂತು. ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು ಅವಳಿಗೆ. ಆಗೆಲ್ಲ ಅತ್ತೆ ಊರಿನಿಂದ, ಇಂಡಿ ಕಡೆಯಿಂದ, ತಾಯತ ಕಳಿಸಿದ್ದಳು, ಕಪ್ಪು ದಾರ ಕಳಿಸಿದ್ದಳು, ಬೂದಿ ಕಳಿಸಿದ್ದಳು. ಈ ಸಲ ಸಪ್ನಾ ಎಲ್ಲವನ್ನೂ ಬಿಚ್ಚಿ ಗಟಾರಕ್ಕೆ ಎಸೆದು, ಸಯನ್‌ನ ದವಾಖಾನೆಯಲ್ಲಿ ಕೊಟ್ಟ ಗುಳಿಗೆ ನುಂಗಿದಳು. ಕೂಸು ನಿಂತಿತು. ಈಗ ಒದೆಯುತ್ತಿತ್ತು. ಗಂಡ ಶಿವಪುತ್ರ ಟೈಲ್ಸ್ ಕೆಲಸದಿಂದ ಬಂದವನು ಸಿಮೆಂಟಿನ ಕೈ ತೊಳೆದು, ಹೊಟ್ಟೆಯ ಮೇಲೆ ಅಂಗೈ ಇಟ್ಟು, ಆ ಒದೆತಕ್ಕಾಗಿ ಉಸಿರು ಹಿಡಿದು ಕಾಯುತ್ತಿದ್ದ. ಇನ್ನು ಮಾಟದ ಮಾತಿಗೆ ಅವಳು ಹೆದರುವುದೆಂದರೇನು?

ಮ್ಯೂಸಿಯಂಗೆ ರಜೆ ಇದ್ದ ಒಂದು ಸೋಮವಾರ ಕಸ್ತೂರಿಬಾಯಿ ಜ್ವರ ಬಂದು ಮಲಗಿದಳು. ಕರೆಂಟಿನವರು ಬಂದು ಶೆಡ್ಡಿನ ವೈರು ಬದಲಿಸುತ್ತಿದ್ದರು. ಸೂಪರ್‌ವೈಸರ್ ರೋಶನ್ ಕಿವಿಗೆ ಫೋನ್ ಒತ್ತಿಕೊಂಡೇ ಬಂದ.

"ಸಪ್ನಾ, ನಾಳೆ ಮೆಹಮಾನ್ ಬರ್ತಾರೆ. ಫೋಟೋ ತೆಗೀತಾರೆ, ಎಲ್ಲ ಗಾಡಿ ಬಾಗಿಲು ತೆಗೀಬೇಕು. ಪರದೇವಾಲೀ ಗಾಡಿ ಒಳಗಿಂದ ಸಾಫ್ ಕರ್."

ಅವಳು ತಡೆದು ನಿಂತದ್ದನ್ನು ಕಂಡು ಅವನು ಫೋನ್ ಸರಿಸಿದ. "ಕಸ್ತೂರಿ ಕೀ ಕಹಾನೀ? ಡರ್ ಗಯೀ ಕ್ಯಾ, ಹೆದರಿದೆಯಾ?"

"ನಹೀ ಸಾಬ್," ಅಂದಳು. ಅಂದ ಮೇಲೆ ಹೋಗಲೇಬೇಕಾಯಿತು.

ಬಾಗಿಲು ಭಾರವಿತ್ತು. ಒಳಗೆ ಹಳೆಯ ಚರ್ಮದ ವಾಸನೆ, ಡಾಂಬರು ಗುಳಿಗೆಯ ವಾಸನೆ. ಸೀಟಿನ ಒಂದು ಕಡೆ ಹೊಲಿಗೆ ಸೊಟ್ಟಗಿತ್ತು, ಕಸುಬು ತಿಳಿಯದವರು ಯಾರೋ ಅವಸರದಲ್ಲಿ ಹಾಕಿದ ಹಾಗೆ. ಡ್ರೈವರನಿಗೂ ಹಿಂದಿನವರಿಗೂ ನಡುವೆ ದಪ್ಪ ಗಾಜು. ಅದರ ಪಕ್ಕದಲ್ಲಿ, ರಾಣಿ ಡ್ರೈವರನಿಗೆ ಮಾತು ದಾಟಿಸಲೆಂದು, ಬಾಯಗಲದ ಒಂದು ಹಿತ್ತಾಳೆ ಕೊಳವೆ. ಸಪ್ನಾ ಕೆಳಗೆ ಮೊಣಕಾಲೂರಿ ಸೀಟು ಒರೆಸತೊಡಗಿದಳು. ಹೊಟ್ಟೆ ಅಡ್ಡ ಬರುತ್ತಿತ್ತು. ಯೂನಿಫಾರ್ಮ್ ಕೋಟಿನ ಗುಂಡಿ ಹಾಕಿರಲಿಲ್ಲ, ಎಷ್ಟೋ ದಿನದಿಂದ ಅದು ಕೂಡುತ್ತಲೇ ಇರಲಿಲ್ಲ. ಸೀರೆಯ ಸೆರಗು ಮುಂದೆ ಜೋತುಬಿದ್ದಿತ್ತು.

ಹೊರಗೆ ಯಾರೋ ಕರೆಂಟಿನ ಮೇನ್ ಬಂದ್ ಮಾಡಿದರು.

ಕಿಟಕಿಯಿಲ್ಲದ ಶೆಡ್ಡು. ನಡುಮಧ್ಯಾಹ್ನವೇ ಕತ್ತಲಾಯಿತು. ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಕೂಡಿಕೊಂಡಿತು, ಕದ ಹಾಕುವವರಿಗೆ ಮಲಗಿದ ಕೂಸಿನ ಚಿಂತೆ ಇದ್ದ ಹಾಗೆ.

ವಾಸನೆ ಬದಲಾಯಿತು. ಲೋಬಾನ. ಬಜೆ. ಕಾಯಿಸಿದ ಎಣ್ಣೆ. ಬಾಣಂತಿಯ ಕೋಣೆಯ ವಾಸನೆ. ಅದರಡಿಯಲ್ಲಿ ನೆನೆದು ಹಳಸಿದ ಅಕ್ಕಿಯ ಹುಳಿ.

"ರೋಶನ್ ಸಾಬ್?"

ಕೊಳವೆಯೊಳಗೆ ಯಾರೋ ಉಸಿರೆಳೆದರು.

ಆಮೇಲೆ ಕಾರು ಹೊರಟಿತು. ಚಕ್ರ ನೆಲದ ಮೇಲಿಲ್ಲ, ಎಂಜಿನ್ನಿನಲ್ಲಿ ಎಣ್ಣೆಯಿಲ್ಲ. ಆದರೂ ಹೊರಟಿತು. ಕಚ್ಚಾ ದಾರಿಯ ಏರುತಗ್ಗು ಅವಳ ಮೊಣಕಾಲಿಗೆ ತಿಳಿಯಿತು. ಪರದೆ ಅಲುಗಿತು. ಹೊಟ್ಟೆಯೊಳಗೆ ಕೂಸು ಒಮ್ಮೆ ಜೋರಾಗಿ ಒದ್ದು, ಸುಮ್ಮನಾಯಿತು.

ಬಳೆ ಸದ್ದಾಯಿತು. ಸೀಟಿನ ಮೇಲಿಂದ.

"ಉಡಿ ಒಡ್ಡವಾ." ಸಣ್ಣ ದನಿ. ಮನೆಯ ಹಿರಿಯರು ಕರೆಯುವ ದನಿ.

ತಗೋ, ಬ್ಯಾಡ ಅನಬ್ಯಾಡ. ಕಸ್ತೂರಿಬಾಯಿಯ ಮಾತು ನೆನಪಿತ್ತು. ಸಪ್ನಾ ಎರಡೂ ಕೈಯಲ್ಲಿ ಸೆರಗು ಹಿಡಿದು ಒಡ್ಡಿದಳು. ಅಕ್ಕಿ ಬಿತ್ತು. ಬೆಚ್ಚಗಿತ್ತು. ಮತ್ತೊಂದು ಬೊಗಸೆ ಬಿತ್ತು. ಅರಿಷಿಣದ ಬೇರು ಬಿತ್ತು. ಉತ್ತತ್ತಿ ಬಿತ್ತು. ಸೆರಗು ಭಾರವಾಯಿತು. ಮುಗಿಯಿತು ಅಂದುಕೊಂಡಳು.

ಅಕ್ಕಿ ಸುರಿದ ಕೈ ಹಿಂದೆ ಹೋಗಲಿಲ್ಲ. ಕತ್ತಲಲ್ಲಿ, ಅವಳ ಎದುರಿಗೇ, ಒಂದು ಅಂಗೈ ಬಿಚ್ಚಿಕೊಂಡು ನಿಂತಿತು. ಕಾಯುತ್ತಿತ್ತು.

ಉಡಿ ತುಂಬಿದವರ ಮನೆ ಬರಿದಾಗಬಾರದು. ತಗೊಂಡವಳು ನಾಲ್ಕು ಕಾಳು ತಿರುಗಿ ಹಾಕಬೇಕು. ತಾನಿದ್ದ ಚಾಳಿನ ಎಷ್ಟು ಮದುವೆಗಳಲ್ಲಿ, ಎಷ್ಟು ಸೀಮಂತಗಳಲ್ಲಿ ಹಾಕಿದ್ದಳೋ. ಅವ್ವ ಕಲಿಸಿದ್ದಳು, ಅತ್ತೆ ತಿದ್ದಿದ್ದಳು. ತಾಯತ ಬಿಚ್ಚಿದ ಹಾಗೆ ಅದನ್ನು ಬಿಚ್ಚಿ ಎಸೆಯಲು ಬರುತ್ತಿರಲಿಲ್ಲ. ಅದು ಬೆರಳಲ್ಲಿತ್ತು.

ಬೇಡ ಎಂದು ಮನಸ್ಸು ಹೇಳುವ ಮೊದಲೇ ಬೆರಳು ಸೆರಗಿಗೆ ಇಳಿದಿತ್ತು. ಒಂದು ಚಿಟಿಕೆ ತೆಗೆದಿತ್ತು. ಆ ಅಂಗೈಯಲ್ಲಿ ಇಟ್ಟಿತ್ತು.

ಇಟ್ಟದ್ದು ಅಕ್ಕಿಯಲ್ಲ. ಮೆತ್ತಗಿತ್ತು. ಹಸಿಯಾಗಿತ್ತು. ಮಿಸುಕಿತು.

ಅಂಗೈ ಮುಚ್ಚಿಕೊಂಡಿತು.

ಕಾರು ನಿಂತಿತು. ದೀಪ ಬಂತು.

ಸೆರಗಿನಲ್ಲಿ ಒಂದು ಕಾಳೂ ಇರಲಿಲ್ಲ. ಸಪ್ನಾಳಿಗೆ ನೋವಾಗಲಿಲ್ಲ. ಸೀಟಿನ ಉಳಿದ ಭಾಗ ಒರೆಸಿದಳು, ಬಟ್ಟೆ ಹಿಂಡಿ ಒಣಹಾಕಿದಳು, ಕೈ ತೊಳೆದಳು. ಮನೆಗೆ ಹೊರಟಾಗ ಕೋಟಿನ ಗುಂಡಿ ಹಾಕಿಕೊಂಡಳು. ಗುಂಡಿ ಕೂಡಿತು.

ಶಿವಪುತ್ರ ಅವಳನ್ನು ಟ್ಯಾಕ್ಸಿಯಲ್ಲಿ ಕೂರಿಸಿ ಸಯನ್‌ಗೆ ಕರೆದೊಯ್ದ. ಡಾಕ್ಟರಮ್ಮ ಹಳೆಯ ಸೋನೋಗ್ರಫಿ ನೋಡಿದರು, ಯಂತ್ರದ ಪರದೆಯ ಮೇಲಿನ ಹೊಸ ಚಿತ್ರ ನೋಡಿದರು, ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು. ಗಾಯವಿಲ್ಲ, ರಕ್ತವಿಲ್ಲ. ಯಾವ ಕಾಲದಲ್ಲೂ ಅಲ್ಲಿ ಏನೂ ಇರಲಿಲ್ಲವೇನೋ ಎಂಬ ಹಾಗೆ. ಶಿವಪುತ್ರ ವರಾಂಡದ ಗೋಡೆಗೆ ಹಣೆ ಹಚ್ಚಿ ಅತ್ತ. ಸಪ್ನಾ ಅವನ ಬೆನ್ನಿನ ಮೇಲಿದ್ದ ಸಿಮೆಂಟಿನ ಕಲೆಯನ್ನು ನೋಡುತ್ತಾ ಕೂತಳು. ಆ ಅಂಗಿಯನ್ನು ನೆನೆಹಾಕಬೇಕು ಅನ್ನಿಸಿತು.

ಜ್ವರ ಬಿಟ್ಟು ಬಂದ ಕಸ್ತೂರಿಬಾಯಿ ಅವಳ ಹೊಟ್ಟೆ ನೋಡಿ ಅಲ್ಲೇ ನೆಲಕ್ಕೆ ಕೂತಳು.

"ಕೊಟ್ಟಿ ಏನವಾ?"

"ನಾ ಕೊಡ್ಲಿಲ್ಲ ಅಕ್ಕಾ. ಕೈ ಕೊಡ್ತು."

"ಕೆಲಸ ಬಿಡು ಯವ್ವಾ. ಬ್ಯಾರೆ ಕಡೆ ಹೋಗು. ಗ್ರಾಂಟ್ ರೋಡಿನ ಲಾಡ್ಜಿನ್ಯಾಗ ಮಂದಿ ಬೇಕಂತ, ನಾ ಹೇಳ್ತೀನಿ."

ಸಪ್ನಾ ಬಿಡಲಿಲ್ಲ. ಶಿವಪುತ್ರ ಬೈದ, ಕೈ ಮುಗಿದ, ಕೊನೆಗೆ ಮಾತು ಬಿಟ್ಟ. ಅವಳು ದಿನಾ ಬಂದು ಗಾಡಿಗಳನ್ನು ಒರೆಸಿದಳು. ಪರದೆ ಕಾರಿನ ಬಾಗಿಲಿಗೆ ರೋಶನ್ ಬೀಗ ಹಾಕಿಸಿದ್ದ. ಫೋಟೋದವರು ತೆರೆಯಲು ಹೋದಾಗ ಒಳಗಿನಿಂದ ಯಾರೋ ಎಳೆದು ಹಿಡಿದಿದ್ದರಂತೆ. ಕೀಲಿ ಎಲ್ಲಿದೆಯೆಂದು ಅವನು ಹೇಳಲಿಲ್ಲ. ಸಪ್ನಾ ಹೊರಗಿನಿಂದಲೇ ಗಾಜು ಒರೆಸಿದಳು.

ಒಂದು ಬೆಳಗ್ಗೆ ಆ ಗಾಜಿನಲ್ಲಿ ಮಬ್ಬು ಕಂಡಿತು. ಉಜ್ಜಿದಳು. ಹೋಗಲಿಲ್ಲ. ಒಳಬದಿಯಲ್ಲಿತ್ತು. ಉಗುರಿನಷ್ಟೇ ಬೆರಳುಗಳ ಪುಟ್ಟ ಅಂಗೈ ಗುರುತು.

ಹಬ್ಬಗಳು ಕಳೆದವು. ಗುರುತು ದೊಡ್ಡದಾಯಿತು. ಗಾಜಿನ ತಳದಲ್ಲಿದ್ದದ್ದು ಮೇಲೇರಿತು, ಯಾರದೋ ತೊಡೆಯ ಮೇಲೆ ಕೂಸು ನಿಲ್ಲಲು ಕಲಿತ ಹಾಗೆ. ಕಸ್ತೂರಿಬಾಯಿ ಈಗ ಆ ಕಡೆ ಬರುವುದನ್ನೇ ಬಿಟ್ಟಿದ್ದಳು.

ಇವತ್ತು ಶಾಲೆಯ ಮಕ್ಕಳು ಗುಂಪಾಗಿ ಬಂದು ಹೋದರು. ಅವರ ಗದ್ದಲ ಗೇಟು ದಾಟಿ ಅಡಗಿತು. ಸಪ್ನಾ ಜನ ಮುಟ್ಟದಂತೆ ಸುತ್ತ ಕಟ್ಟಿದ ಹಗ್ಗದಡಿ ನುಸುಳಿ ಕಾರಿನ ಮೆಟ್ಟಿಲ ಮೇಲೆ ನಿಂತಳು. ಒಳಗೆ ಚರ್ಮದ ಸೀಟಿಗೆ ಸಣ್ಣ ಹಿಮ್ಮಡಿ ಬಡಿಯುವ ಸದ್ದು. ಬಡಿದು, ನಿಂತು, ಮತ್ತೆ ಬಡಿಯಿತು. ಅವಳು ಗಾಜಿಗೆ ಬಾಯಿ ಹತ್ತಿರ ತಂದಳು. ಅಳು ಬರಲಿಲ್ಲ. ಪಕ್ಕದ ಮನೆಯವರ ಹತ್ತಿರ ಸಕ್ಕರೆ ಕೇಳುವ ದನಿಯಲ್ಲೇ ಕೇಳಿದಳು.

"ಬಾಯಿಸಾಹೇಬ್ರ, ಕೂಸನ್ನ ಒಂದೀಟು ಕೆಳಗ ಇಳಸ್ರಿ."

ಕಾದಳು. ಮತ್ತೆ ಕೇಳಿದಳು.

"ಒಂದೀಟು ಇಳಸ್ರಿ."